ಕಾಲು ಗಟ್ಟಿ ಐತೇನ್ರಿ?



ಯಲಹಂಕದ ಈ ಉಪನ್ಯಾಸ ದತ್ತಿಯ ಕರಾರು ಎರಡೇ ಸಾಲಿನದು. ಉಪನ್ಯಾಸ ವಿಜ್ಞಾನದ್ದಾಗಿರಬೇಕು, ಕನ್ನಡದಲ್ಲಿರಬೇಕು. ಎರಡನೆಯದು ಸುಲಭ ಅಂದುಕೊಂಡು ಒಪ್ಪಿಕೊಂಡೆ. ಬರೆಯಲು ಕೂತ ಮೊದಲ ರಾತ್ರಿಯೇ ಒಂದು ಕನ್ನಡ ಪದದಲ್ಲಿ ಸಿಕ್ಕಿಬಿದ್ದೆ. ಆ ಪದ 'ಗಟ್ಟಿ'.

ಅದನ್ನು ನನ್ನ ಮುಂದಿಟ್ಟವರು ಯಶವಂತಪುರ ಎಪಿಎಂಸಿ ಯಾರ್ಡಿನ ಒಬ್ಬ ಹಮಾಲಿ. ನಾನು ಹೆಬ್ಬಾಳದ ಕಡೆ ಕೂತು ಕೀಲು, ಸ್ನಾಯು, ಲಿಗಮೆಂಟುಗಳ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುವವಳು. ಅವರು ರಾಯಚೂರು ಸೀಮೆಯವರು, ನಲವತ್ತರ ಆಸುಪಾಸು. ಲಾರಿಯಿಂದ ಈರುಳ್ಳಿ ಚೀಲ ಇಳಿಸುವಾಗ ಹಲಗೆಯ ಅಂಚಿನಲ್ಲಿ ಬಲಗಾಲು ಒಳಮುಖವಾಗಿ ಮಡಚಿತ್ತು. ಆರು ವಾರ ಕಳೆದಿತ್ತು. ಊತ ಇಳಿದಿತ್ತು, ನಡೆಯುತ್ತಿದ್ದರು, ಆದರೆ ಚೀಲ ಹೊರಲು ಧೈರ್ಯವಿರಲಿಲ್ಲ. ಪರದೆಯ ಮೇಲೆ ಕೆಂಪು, ಹಳದಿ, ನೀಲಿ ಬಣ್ಣ ಮೂಡುವುದನ್ನು ಕತ್ತು ಹೊರಳಿಸಿ ನೋಡುತ್ತ ಕೇಳಿದರು: "ಏನ್ರಿ ಮೇಡಂ, ಇದ್ರಾಗ ನನ್ ಕಾಲು ಗಟ್ಟಿ ಐತೋ ಇಲ್ಲೋ ಗೊತ್ತಾಗ್ತೈತೇನ್ರಿ?"

ಹೌದು ಅನ್ನಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ. ಇವತ್ತಿನ ಒಂದು ಗಂಟೆಯ ಮಾತೆಲ್ಲ ಆ ಪ್ರಶ್ನೆಗೆ ಉತ್ತರ.

ನಮ್ಮಲ್ಲಿ ಮೊಸರೂ ಗಟ್ಟಿ, ಹಗ್ಗವೂ ಗಟ್ಟಿ, ವಜ್ರವೂ ಗಟ್ಟಿ, ದನಿಯೂ ಗಟ್ಟಿ, ಎಂಬತ್ತು ದಾಟಿದ ಅಜ್ಜಿಯೂ ಗಟ್ಟಿ. ಅಡುಗೆಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಭೌತವಿಜ್ಞಾನದಲ್ಲಿ ಮಾತ್ರ ಇವು ಬೇರೆಬೇರೆ ಸಂಗತಿಗಳು. ಮೊಸರು ಗಟ್ಟಿ ಎಂದರೆ ಅದು ಸುಲಭವಾಗಿ ಅಲುಗಾಡದು. ಹಗ್ಗ ಗಟ್ಟಿ ಎಂದರೆ ಎಳೆದರೆ ಕಿತ್ತುಹೋಗದು. ವಜ್ರ ಗಟ್ಟಿ ಎಂದರೆ ಅದರ ಮೇಲೆ ಗೀರು ಬೀಳದು. ನನ್ನ ಯಂತ್ರ ಅಳೆಯುವುದು ಮೊಸರಿನ ಗಟ್ಟಿತನ. ಹಮಾಲಿ ಕೇಳಿದ್ದು ಹಗ್ಗದ ಗಟ್ಟಿತನ. ಪಿಯುಸಿ ಪುಸ್ತಕದ 'ಸ್ಥಿತಿಸ್ಥಾಪಕತೆ' ಎಂಬ ಉದ್ದನೆಯ ಪದ ಬಳಸಿದರೂ ಗೊಂದಲ ಬಿಡುವುದಿಲ್ಲ. ರಬ್ಬರಿಗಿಂತ ಉಕ್ಕು ಹೆಚ್ಚು ಸ್ಥಿತಿಸ್ಥಾಪಕ ಎಂದು ಮೇಷ್ಟ್ರು ಹೇಳಿದಾಗ ಇಡೀ ತರಗತಿ ನಕ್ಕಿದ್ದು ನಿಮಗೂ ನೆನಪಿರಬಹುದು. ಮೇಷ್ಟ್ರು ಹೇಳಿದ್ದೇ ಸರಿ. ಎಷ್ಟು ಹಿಗ್ಗುತ್ತದೆ ಎಂಬುದು ಅಲ್ಲಿನ ಲೆಕ್ಕವಲ್ಲ. ಹಿಗ್ಗಿಸಲು ಎಷ್ಟು ಬಲ ಬೇಕು ಎಂಬುದು ಲೆಕ್ಕ.

ಈಗ ಗಿಣ್ಣಿಗೆ ಬರೋಣ. ಹಳಬರು ಹರಡು ಎನ್ನುತ್ತಿದ್ದ ಕಾಲಿನ ಕೀಲು ಇದು. ಹೊರಬದಿಯ ಉಬ್ಬು ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಅದು ಫಿಬುಲಾ ಮೂಳೆಯ ತುದಿ. ಅಲ್ಲಿಂದ ಮೂರು ಪಟ್ಟಿಗಳು ಹೊರಟು ಪಾದದ ಮೂಳೆಗಳನ್ನು ಹಿಡಿದುಕೊಂಡಿವೆ: ಒಂದು ಮುಂದಕ್ಕೆ, ಒಂದು ಕೆಳಕ್ಕೆ ಹಿಮ್ಮಡಿಯ ಮೂಳೆಗೆ, ಒಂದು ಹಿಂದಕ್ಕೆ. ಪಠ್ಯಪುಸ್ತಕ ಇವನ್ನು ಅಸ್ಥಿರಜ್ಜು ಎನ್ನುತ್ತದೆ. ನನ್ನ ರೋಗಿಗಳಲ್ಲಿ ಒಬ್ಬರೂ ಹಾಗೆ ಅಂದಿಲ್ಲ. ಹಮಾಲಿಯಿಂದ ಹಿಡಿದು ಸಾಫ್ಟ್‌ವೇರಿನವರವರೆಗೆ ಎಲ್ಲರೂ ಲಿಗಮೆಂಟ್ ಎನ್ನುತ್ತಾರೆ. ನಾನೂ ಹಾಗೇ ಹೇಳುತ್ತೇನೆ. ಮುಂದಕ್ಕೆ ಹೋಗುವ ಪಟ್ಟಿಗೆ ವೈದ್ಯರು ಎಟಿಎಫ್‌ಎಲ್ ಎಂದು ಚುಟುಕು ಹೆಸರು ಇಟ್ಟಿದ್ದಾರೆ. ಸುಮಾರು 2 ಸೆಂಟಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಕಾಲು ಉಳುಕಿದಾಗ ಹೆಚ್ಚಾಗಿ ಏಟು ತಿನ್ನುವುದು ಈ ಬಡಪಾಯಿಯೇ.

1985ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶವಗಳ ಗಿಣ್ಣಿನಿಂದ ಈ ಲಿಗಮೆಂಟುಗಳನ್ನು ತೆಗೆದು ಯಂತ್ರದಲ್ಲಿ ಎಳೆದು ನೋಡಿದರು. ಎಟಿಎಫ್‌ಎಲ್ ಸರಾಸರಿ 139 ನ್ಯೂಟನ್ ಬಲಕ್ಕೆ ಕಿತ್ತುಹೋಯಿತು. ಹಿಮ್ಮಡಿಯ ಕಡೆಗೆ ಹೋಗುವ ಲಿಗಮೆಂಟ್ 346ರವರೆಗೆ ತಡೆಯಿತು, ಒಳಬದಿಯ ಅಗಲ ಪಟ್ಟಿ 714ರವರೆಗೆ. ನಮ್ಮ ಲೆಕ್ಕದಲ್ಲಿ 139 ನ್ಯೂಟನ್ ಎಂದರೆ ಸುಮಾರು 14 ಕಿಲೋ ತೂಗುಹಾಕಿದಷ್ಟು. 50 ಕಿಲೋ ಚೀಲ ಹೊತ್ತ ಮನುಷ್ಯನ ಕಾಲಿನಲ್ಲಿ 14 ಕಿಲೋಗೆ ಕಿತ್ತುಹೋಗುವ ಪಟ್ಟಿ! ಅದು ದಿನಾ ಕಿತ್ತುಹೋಗದಿರುವುದಕ್ಕೆ ಕಾರಣ ಬೇರೆಯೇ ಇದೆ. ಭಾರವನ್ನು ಹೊರುವುದು ಮೂಳೆಗಳ ಜೋಡಣೆ; ಕಾಲು ಹೊರಳುವ ಮೊದಲೇ ಎಳೆದು ನಿಲ್ಲಿಸುವುದು ಮೊಣಕಾಲಿನ ಕೆಳಗಿನ ಹೊರಬದಿಯ ಸ್ನಾಯುಗಳು. ಲಿಗಮೆಂಟ್ ಕೊನೆಯ ಕಾವಲುಗಾರ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಕೊನೆಗೆ ಬೇಕಾಗುತ್ತದೆ.

ಉತ್ತರ ಬೆಂಗಳೂರಿನಲ್ಲಿ ಕಾಲು ಉಳುಕಿಸಿಕೊಳ್ಳಲು ಆಟಗಾರರೇ ಆಗಬೇಕಿಲ್ಲ. ಆರ್.ಟಿ. ನಗರದ ಚರಂಡಿ ಮೇಲಿನ ಅಲ್ಲಾಡುವ ಚಪ್ಪಡಿ ಸಾಕು. ಹೆಬ್ಬಾಳ ಫ್ಲೈಓವರ್ ಕೆಳಗೆ ಬಸ್ಸು ನಿಲ್ಲುವ ಮೊದಲೇ ಇಳಿಯುವ ಅಭ್ಯಾಸ ಸಾಕು. ಜಿಕೆವಿಕೆ ಆವರಣದಲ್ಲಿ ಬೆಳಗಿನ ಓಟ, ಯಲಹಂಕದ ಕಡೆಯ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಂಥ ಜಾಗಗಳಲ್ಲಿ ಬ್ಯಾಡ್ಮಿಂಟನ್ ಆಡುವ ಮಕ್ಕಳು, ಇವರೆಲ್ಲ ಆಮೇಲಿನವರು. ದೊಡ್ಡವರಿಗೂ ತಪ್ಪಿದ್ದಲ್ಲ. 2023ರ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧ ಬೌಲ್ ಮಾಡುವಾಗ ಹಾರ್ದಿಕ್ ಪಾಂಡ್ಯ ಅವರ ಎಡಗಾಲಿನ ಗಿಣ್ಣು ಹೊರಳಿತು. ಚಿಕಿತ್ಸೆಗೆ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಕರೆತಂದರು. ಎರಡು ವಾರ ಕಾದರೂ ಕಾಲು ಒಪ್ಪಲಿಲ್ಲ. ವಿಶ್ವಕಪ್ ತಂಡದಲ್ಲಿ ಅವರ ಜಾಗ ಸಿಕ್ಕಿದ್ದು ನಮ್ಮ ಪ್ರಸಿದ್ಧ್ ಕೃಷ್ಣ ಅವರಿಗೆ.

ಉಳುಕಿಗೆ ನಮ್ಮಲ್ಲಿ ಮದ್ದಿಗೆ ಬರವಿಲ್ಲ. ಅರಿಶಿನ-ಸುಣ್ಣದ ಪಟ್ಟು ಇದೆ. ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಇದೆ. ಊರ ತುಂಬ ಮೂಳೆ-ಉಳುಕು ಕಟ್ಟುವವರ 'ಪುತ್ತೂರು ಕಟ್ಟು' ಬೋರ್ಡುಗಳಿವೆ. ನಾನು ಇವನ್ನು ಹಂಗಿಸಲು ಬಂದಿಲ್ಲ. ಮೂಳೆ ಮುರಿದಿಲ್ಲ ಎಂದು ಖಾತ್ರಿಯಾಗುವ ಮೊದಲೇ ಎಳೆದು ಕಟ್ಟುವುದಕ್ಕೆ ಮಾತ್ರ ನನ್ನ ತಕರಾರು. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಒಂದು ಸರಳ ನಿಯಮ ಕೊಟ್ಟರು. ಗಿಣ್ಣಿನ ಎರಡೂ ಬದಿಯ ಉಬ್ಬುಮೂಳೆಯ ತುದಿಯನ್ನೂ ಅದರ ಹಿಂಬದಿಯ ಅಂಚಿನ ಕೆಳಗಿನ 6 ಸೆಂಟಿಮೀಟರನ್ನೂ ಒತ್ತಿದಾಗ ನೋವಿಲ್ಲದಿದ್ದರೆ, ನಾಲ್ಕು ಹೆಜ್ಜೆ ನಡೆಯಲು ಆಗುತ್ತಿದ್ದರೆ, ಗಿಣ್ಣಿನ ಎಕ್ಸ್‌ರೇ ಬೇಡ. ಮೂಳೆಯ ಪ್ರಶ್ನೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಲಿಗಮೆಂಟಿನ ಪ್ರಶ್ನೆ ಶುರುವಾಗುವುದೇ ಆಮೇಲೆ.

ಇಲ್ಲಿ ನಮ್ಮಪ್ಪನನ್ನು ಕರೆತರಬೇಕು. ಅವರು ರೈಲ್ವೆಯವರು. ನನ್ನ ಬಾಲ್ಯದಲ್ಲಿ ಯಶವಂತಪುರ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಲಿಯಿಂದ ಗಾಲಿಗೆ ಬಡಿಯುತ್ತ ಹೋಗುವವರನ್ನು ತೋರಿಸಿದ್ದರು. ಠಣ್ ಎಂದರೆ ಗಾಲಿ ಸರಿ. ಠಪ್ ಎಂದರೆ ಎಲ್ಲೋ ಬಿರುಕು. ಮುಂದೆ 1984ರಲ್ಲಿ ಇಲ್ಲೇ ಯಲಹಂಕದಲ್ಲಿ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಶುರುವಾದಾಗ ಅವರು ಅಲ್ಲಿಗೆ ಬಂದರು. ಈಗಿನ ರೈಲ್ ವೀಲ್ ಫ್ಯಾಕ್ಟರಿ ಅದೇ. ಅಲ್ಲಿ ಸುತ್ತಿಗೆಯ ಕೆಲಸವನ್ನು ಅಲ್ಟ್ರಾಸೌಂಡ್ ಮಾಡುತ್ತದೆ. ಅಚ್ಚಿನ ತುದಿಗೆ ಎಣ್ಣೆ ಸವರಿ ಪ್ರೋಬ್ ಇಟ್ಟರೆ ಧ್ವನಿ ಉಕ್ಕಿನೊಳಗೆ ಸೆಕೆಂಡಿಗೆ ಸುಮಾರು 5,900 ಮೀಟರ್ ವೇಗದಲ್ಲಿ ಓಡಿ, ಎರಡು ಮೀಟರಿಗೂ ಉದ್ದದ ಅಚ್ಚಿನ ಆ ತುದಿ ಮುಟ್ಟಿ, ಒಂದು ಮಿಲಿಸೆಕೆಂಡಿನೊಳಗೆ ವಾಪಸು ಬರುತ್ತದೆ. ನಡುವೆ ಬಿರುಕಿದ್ದರೆ ಅದಕ್ಕೂ ಮೊದಲೇ ಒಂದು ಸಣ್ಣ ಮರುದನಿ. ಯಲಹಂಕದಲ್ಲಿ ಗರ್ಭಿಣಿಯರಿಗಿಂತ ಹೆಚ್ಚು ಅಲ್ಟ್ರಾಸೌಂಡ್ ಆಗಿರುವುದು ರೈಲಿನ ಅಚ್ಚುಗಳಿಗೆ ಎಂದು ಅಪ್ಪ ತಮಾಷೆ ಮಾಡುತ್ತಿದ್ದರು. ಲೆಕ್ಕ ಹಾಕಿದವರು ಯಾರೂ ಇಲ್ಲ.

ಧ್ವನಿಯ ವೇಗದಿಂದ ವಸ್ತುವಿನ ಗಟ್ಟಿತನ ತಿಳಿಯುವ ವಿದ್ಯೆಗೂ ನಮ್ಮ ಈ ಭಾಗಕ್ಕೂ ಹಳೆಯ ನಂಟು. ಸಿ.ವಿ. ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಕಿವಿಗೆ ಕೇಳದಷ್ಟು ಮೇಲಿನ ಧ್ವನಿ ಹರಿಯುವ ದ್ರವದ ಮೂಲಕ ಬೆಳಕು ಹಾಯಿಸಿದರೆ ಅದು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ ಎಂದು 1932ರಲ್ಲೇ ಅಮೆರಿಕದಲ್ಲೂ ಫ್ರಾನ್ಸಿನಲ್ಲೂ ಕಂಡಿದ್ದರು. ಅದು ಯಾಕೆ ಹಾಗೆ ಎಂಬುದರ ಲೆಕ್ಕವನ್ನು 1935-36ರಲ್ಲಿ ಬಿಡಿಸಿದವರು ರಾಮನ್ ಮತ್ತು ಅವರ ಜೊತೆಗಾರ ನಾಗೇಂದ್ರನಾಥ್. ಪಟ್ಟೆಗಳ ನಡುವಣ ಅಂತರ ಅಳೆದರೆ ಧ್ವನಿಯ ಅಲೆಯ ಉದ್ದ ಸಿಗುತ್ತದೆ, ಅದರಿಂದ ವೇಗ, ವೇಗದಿಂದ ದ್ರವ ಎಷ್ಟು ಒತ್ತಡಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಗುಣ. ರಾಮನ್ ಶಿಷ್ಯ ಎಸ್. ಭಗವಂತಂ 1940ರ ದಶಕದಲ್ಲಿ ವಾಲ್ಟೇರಿನಲ್ಲಿ ಇದೇ ಜಾತಿಯ ಧ್ವನಿಯಿಂದ ವಜ್ರದ ಸ್ಥಿತಿಸ್ಥಾಪಕ ಅಂಕಗಳನ್ನು ಅಳೆದರು. 1957ರಿಂದ 1962ರವರೆಗೆ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 2005ರಲ್ಲಿ ಅದೇ ಆವರಣದ ಒಂದು ತಂಡ ಪಾಲಿವಿನೈಲ್ ಆಲ್ಕೊಹಾಲಿನ ಜೆಲ್ಲಿನಿಂದ ದೇಹದ ಮೃದು ಅಂಗಾಂಶದಂಥ ಮಾದರಿ ಮಾಡಿ, ಗಟ್ಟಿತನ ಅಳೆಯುವ ಹೊಸ ವಿಧಾನಗಳನ್ನು ಪರೀಕ್ಷಿಸಲು ಬೇಕಾದ ಅಂಕಗಳನ್ನು ಪ್ರಕಟಿಸಿತು. ಉಕ್ಕು, ದ್ರವ, ವಜ್ರ, ಜೆಲ್ಲು. ಎಲ್ಲ ಕಡೆಯೂ ಕೆಲಸ ಒಂದೇ: ಅಲುಗಾಡಿಸು, ಅಲೆ ಎಷ್ಟು ಬೇಗ ಓಡುತ್ತದೆ ನೋಡು.

ಹಾಗಾದರೆ ದಶಕಗಳಿಂದ ಸ್ಕ್ಯಾನಿಂಗ್ ಮಾಡುತ್ತಿದ್ದರೂ ಲಿಗಮೆಂಟಿನ ಗಟ್ಟಿತನ ಯಾಕೆ ಗೊತ್ತಾಗುತ್ತಿರಲಿಲ್ಲ? ಉತ್ತರ ಸೊಗಸಾಗಿದೆ. ಸಾಮಾನ್ಯ ಅಲ್ಟ್ರಾಸೌಂಡ್ ಒತ್ತಿ-ಬಿಟ್ಟು ಸಾಗುವ ಅಲೆ. ಆ ಅಲೆಗೆ ನಮ್ಮ ದೇಹವೆಲ್ಲ ಹೆಚ್ಚುಕಡಿಮೆ ನೀರು. ಕೊಬ್ಬಿನಲ್ಲಿ ಸೆಕೆಂಡಿಗೆ 1,450 ಮೀಟರ್, ಸ್ನಾಯುವಿನಲ್ಲಿ 1,580. ಯಂತ್ರಗಳು 1,540 ಎಂದು ಒಂದೇ ಅಂಕ ಹಿಡಿದುಕೊಂಡು ಚಿತ್ರ ಬಿಡಿಸುತ್ತವೆ. ಮೆತ್ತಗಿನದಕ್ಕೂ ಬಿರುಸಾದದ್ದಕ್ಕೂ ವ್ಯತ್ಯಾಸವೇ ಕಾಣದು. ಆದರೆ ಇನ್ನೊಂದು ಬಗೆಯ ಅಲೆ ಇದೆ. ಪಕ್ಕಕ್ಕೆ ತುಯ್ದಾಡುತ್ತ ಮುಂದೆ ಸಾಗುವುದು, ತಟ್ಟೆಯಲ್ಲಿರುವ ಗಟ್ಟಿ ಮೊಸರಿನ ಅಂಚು ತಟ್ಟಿದಾಗ ಮೇಲೆ ಓಡುವ ನಡುಕದಂಥದ್ದು. ಇಂಗ್ಲಿಷಿನವರು ಶಿಯರ್ ವೇವ್ ಎನ್ನುತ್ತಾರೆ. ನಾನು ತುಯ್ತದ ಅಲೆ ಎನ್ನುತ್ತೇನೆ, ನಿಮಗೆ ಇನ್ನೂ ಒಳ್ಳೆಯ ಪದ ಹೊಳೆದರೆ ತಿಳಿಸಿ. ಉಕ್ಕಿನಲ್ಲಿ ಈ ಅಲೆಯ ವೇಗ ಸೆಕೆಂಡಿಗೆ ಸುಮಾರು 3,200 ಮೀಟರ್. ಮನುಷ್ಯನ ಮೃದು ಅಂಗಾಂಶದಲ್ಲಿ 1ರಿಂದ 10 ಮೀಟರ್, ಅಂದರೆ ಯಶವಂತಪುರ ಮಾರ್ಕೆಟ್ಟಿನಲ್ಲಿ ಸೈಕಲ್ ಹೋಗುವಷ್ಟು! ಈ ಅಲೆಯ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಗಟ್ಟಿತನವೇ ಆದ್ದರಿಂದ ಅದರ ಸಣ್ಣ ವ್ಯತ್ಯಾಸವೂ ವೇಗದಲ್ಲಿ ಎದ್ದು ಕಾಣುತ್ತದೆ.

ತೊಡಕು ಏನೆಂದರೆ ಈ ಅಲೆಯನ್ನು ಮಾಮೂಲು ಸ್ಕ್ಯಾನಿಂಗ್ ಪ್ರೋಬಿನಿಂದ ನೇರವಾಗಿ ಚರ್ಮದ ಮೂಲಕ ಕಳಿಸಲಾಗದು. ಪ್ರೋಬಿಗೂ ಚರ್ಮಕ್ಕೂ ನಡುವೆ ಸವರುವ ಜೆಲ್ಲಿನಲ್ಲೇ ಅದು ಸತ್ತುಹೋಗುತ್ತದೆ. ಒಳಗೇ ಹುಟ್ಟಿಸಬೇಕು. ಗಟ್ಟಿತನದ ಚಿತ್ರಣಕ್ಕೆ ಎಲಾಸ್ಟೋಗ್ರಫಿ ಎಂಬ ಹೆಸರು 1991ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಜೋನಥನ್ ಓಫಿರ್ ಮತ್ತು ಸಂಗಡಿಗರಿಂದ ಬಂತು. ಅವರದು ಪ್ರೋಬಿನಿಂದ ಮೆಲ್ಲಗೆ ಒತ್ತಿ ಯಾವ ಭಾಗ ಎಷ್ಟು ಕುಗ್ಗಿತು ಎಂದು ಹೋಲಿಸುವ ಉಪಾಯ. ಒತ್ತುವ ಕೈ ಬದಲಾದರೆ ಉತ್ತರವೂ ಬದಲು. 2004ರ ಹೊತ್ತಿಗೆ ಪ್ಯಾರಿಸ್ಸಿನ ಬೆರ್ಕಾಫ್, ಟಾಂಟೆರ್, ಫಿಂಕ್ ಎಂಬ ಮೂವರು ಬೇರೆ ದಾರಿ ಹಿಡಿದರು. ಅಲ್ಟ್ರಾಸೌಂಡಿನ ಕಿರಣವನ್ನೇ ಒಂದು ಬಿಂದುವಿಗೆ ಕೂಡಿಸಿ ಅಂಗಾಂಶವನ್ನು ಒಳಗಿನಿಂದ ಒಮ್ಮೆ ತಳ್ಳಿದರು. ಮೈಕ್ರಾನುಗಳಲ್ಲಿ ಅಳೆಯುವಷ್ಟು ಸಣ್ಣ ತಳ್ಳು. ಒಂದರ ಕೆಳಗೊಂದು ಬಿಂದುವಿಗೆ, ತುಯ್ತದ ಅಲೆ ಓಡುವುದಕ್ಕಿಂತ ವೇಗವಾಗಿ, ಸರಸರನೆ ತಳ್ಳುತ್ತ ಹೋದರು. ಅಲೆಗಳೆಲ್ಲ ಒಂದರ ಮೇಲೊಂದು ಬಿದ್ದು ದೊಡ್ಡದೊಂದು ಅಲೆಯಾಯಿತು.

ಯಲಹಂಕದವರಿಗೆ ಇದನ್ನು ವಿವರಿಸುವುದು ಸುಲಭ. 2020ರ ಮೇ 20ರ ಮಧ್ಯಾಹ್ನ ಇಡೀ ಬೆಂಗಳೂರು ಬೆಚ್ಚಿಬಿದ್ದ ಆ 'ಢಂ' ಶಬ್ದ ನೆನಪಿದೆಯಲ್ಲ? ಭೂಕಂಪ ಎಂದವರಿದ್ದರು. ಕೊನೆಗೆ ರಕ್ಷಣಾ ಇಲಾಖೆ ಹೇಳಿತು: ಧ್ವನಿಗಿಂತ ವೇಗವಾಗಿ ಹಾರಿದ ವಾಯುಪಡೆಯ ಪರೀಕ್ಷಾ ವಿಮಾನದ ಸದ್ದು. ತಾನು ಹುಟ್ಟಿಸಿದ ಅಲೆಯನ್ನು ತಾನೇ ಹಿಂದೆ ಹಾಕಿ ಓಡುವ ವಸ್ತುವಿನ ಹಿಂದೆ ಅಲೆಗಳು ಒಟ್ಟಾಗಿ ಶಂಕುವಿನ ಆಕಾರ ಕಟ್ಟುತ್ತವೆ. ಊರಿನ ಮೇಲೆ ಬಿದ್ದದ್ದು ಆ ಶಂಕು. ನಿಮ್ಮ ಗಿಣ್ಣಿನೊಳಗೆ ಯಂತ್ರ ಕಟ್ಟುವುದೂ ಅದನ್ನೇ, ಬಲು ಪುಟ್ಟದಾಗಿ, ಸದ್ದಿಲ್ಲದೆ. ಬಳಿಕ ಯಂತ್ರ ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆದು ಅಲೆ ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿನಲ್ಲಿ ಹೋಯಿತು ಎಂದು ನೋಡುತ್ತದೆ. ವೇಗದ ವರ್ಗಕ್ಕೆ ಸಾಂದ್ರತೆ ಗುಣಿಸಿ, ಅದರ ಮೂರರಷ್ಟನ್ನು ಗಟ್ಟಿತನವೆಂದು ಕಿಲೋಪಾಸ್ಕಲ್ ಲೆಕ್ಕದಲ್ಲಿ ಬಣ್ಣ ಹಚ್ಚಿ ತೋರಿಸುತ್ತದೆ. ಕೆಲವು ಕಂಪನಿಯ ಯಂತ್ರದಲ್ಲಿ ಕೆಂಪು ಎಂದರೆ ಬಿರುಸು, ಕೆಲವದರಲ್ಲಿ ಮೆದು. ಆದ್ದರಿಂದ ವಾಟ್ಸಾಪಿನಲ್ಲಿ ಬರೀ ಬಣ್ಣದ ಚಿತ್ರ ಕಳಿಸಿ 'ಹೇಗಿದೆ ಮೇಡಂ' ಎಂದು ಕೇಳಬೇಡಿ.

ಈಗ ಹಮಾಲಿಯವರ ಕಾಲಿಗೆ ವಾಪಸು ಬರುತ್ತೇನೆ. ಮಂಚದ ಮೇಲೆ ಕೂರಿಸಿ, ಮಂಡಿ ಮಡಚಿಸಿ, ಪಾದ ಹಾಸಿಗೆಗೆ ಚಪ್ಪಟೆಯಾಗಿ ತಾಗುವಂತೆ ಇಟ್ಟೆ. ದುಡಿದ ಪಾದ, ಹಿಮ್ಮಡಿ ಒಡೆದಿತ್ತು, ಚರ್ಮ ಒರಟು. ಜೆಲ್ಲು ಧಾರಾಳವಾಗಿ ಸುರಿದೆ. ಸುರಿಯುವುದಕ್ಕೆ ಕಾರಣವಿದೆ. ಎಟಿಎಫ್‌ಎಲ್ ಚರ್ಮದಿಂದ ಕೆಲವೇ ಮಿಲಿಮೀಟರ್ ಒಳಗೆ ಇರುತ್ತದೆ; ಪ್ರೋಬನ್ನು ಸ್ವಲ್ಪ ಊರಿದರೂ ಅದು ಹಿಂಡಿದಂತಾಗಿ ಬಿರುಸು ತೋರಿಸುತ್ತದೆ. ಜೆಲ್ಲಿನ ದಪ್ಪ ಪದರದ ಮೇಲೆ ಪ್ರೋಬ್ ತೇಲಬೇಕು. ಒಂದು ತುದಿ ಫಿಬುಲಾ ಮೇಲೆ, ಇನ್ನೊಂದು ತುದಿ ಪಾದದ ಟ್ಯಾಲಸ್ ಮೂಳೆಯ ಕಡೆ. ಮೊದಲಿಗೆ ಏನೂ ಕಾಣಲಿಲ್ಲ, ಬರೀ ಕಪ್ಪು. ಲಿಗಮೆಂಟಿನ ಎಳೆಗಳು ಅಕ್ಕಪಕ್ಕ ಮಲಗಿದ ನಾರುಗಳು. ಕಿರಣ ನೇರವಾಗಿ ಬಿದ್ದರೆ ಹೊಳೆಯುತ್ತವೆ, ಕೊಂಚ ಓರೆಯಾದರೆ ಮಾಯ. ಮಣಿಕಟ್ಟನ್ನು ಕೂದಲೆಳೆಯಷ್ಟು ಹೊರಳಿಸಿದೆ. ಬೆಳ್ಳಗಿನ ಪಟ್ಟಿ ಹೊಳೆಯಿತು, ನಡುವೆ ದಪ್ಪ, ಅಂಚು ಮಸುಕು. ಕಿತ್ತು ಮತ್ತೆ ಕೂಡಿಕೊಂಡ ಲಿಗಮೆಂಟಿನ ಚಹರೆ ಅದು. ಅದರ ಮೇಲೆ ಪುಟ್ಟ ಚೌಕ ಇಟ್ಟೆ. "ಉಸಿರು ಬಿಗಿ ಹಿಡೀಬೇಕೇನ್ರಿ?" ಎಂದರು. ಬೇಡ, ಕಾಲು ಸಡಿಲ ಬಿಡಿ, ಬೆರಳು ಅಲುಗಿಸಬೇಡಿ ಎಂದೆ. ಐದು ಸಲ ಅಳತೆ ತೆಗೆದೆ. ಪಾದವನ್ನು ಕೆಳಮುಖವಾಗಿ ಚಾಚಿಸಿ ಮತ್ತೆ ಐದು ಸಲ. ಎಡಗಾಲಿಗೂ ಅಷ್ಟೇ. ಇಪ್ಪತ್ತು ಅಳತೆ. ಹೊರಗೆ ಕೂತವರು ಗೊಣಗುತ್ತಿದ್ದರು.

ಯಾಕೆ ಇಷ್ಟೊಂದು? ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ ಕಬಡ್ಡಿ ಆಡುವ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಳು. ಪಂದ್ಯ ಹತ್ತಿರ ಇತ್ತು, ಕೋಚು ಬಾಗಿಲಲ್ಲೇ ನಿಂತಿದ್ದರು. ಉಳುಕಿದ ಕಾಲು ಮಂಚದ ಅಂಚಿನಿಂದ ಇಳಿಬಿದ್ದಿದ್ದಾಗಲೇ ಅವಸರದಲ್ಲಿ ಅಳತೆ ತೆಗೆದೆ. ಇನ್ನೊಂದು ಕಾಲನ್ನು ಹಾಸಿಗೆಯ ಮೇಲೆ ಚಪ್ಪಟೆಯಾಗಿ ಇಟ್ಟು ತೆಗೆದೆ. ಉಳುಕಿದ ಕಾಲಿನ ಅಂಕ ಒಳ್ಳೆಯ ಕಾಲಿನದಕ್ಕಿಂತ ಜಾಸ್ತಿ ಬಂತು. 'ಗಟ್ಟಿಯಾಗಿದೆ' ಎಂದು ಬಾಯಲ್ಲೂ ಹೇಳಿದೆ, ವರದಿಯಲ್ಲೂ ಬರೆದೆ. ಎರಡನೆಯ ವಾರ ಅವಳು ಮತ್ತೆ ಬಂದಳು, ಅದೇ ಕಾಲು, ಈ ಸಲ ಊರುಗೋಲು. ಇಳಿಬಿದ್ದ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ; ಆ ಭಂಗಿಯಲ್ಲಿ ಎಟಿಎಫ್‌ಎಲ್ ಬಿಗಿಯುತ್ತದೆ. ನಾನು ಅಳೆದದ್ದು ಲಿಗಮೆಂಟನ್ನಲ್ಲ, ಮಂಚದ ಎತ್ತರವನ್ನು.

ತಂಬೂರಿಯ ತಂತಿ ನೆನೆಯಿರಿ. ಬಿರಡೆ ತಿರುವಿದರೆ ಶ್ರುತಿ ಏರುತ್ತದೆ, ತಂತಿ ಅದೇ. ಎಳೆತದಲ್ಲಿರುವ ನಾರಿನಲ್ಲಿ ತುಯ್ತದ ಅಲೆಯ ವೇಗ ನಾರಿನ ಗುಣದಷ್ಟೇ ಎಳೆತವನ್ನೂ ಅವಲಂಬಿಸುತ್ತದೆ. ಇದು ದೋಷ ಮಾತ್ರವಲ್ಲ, ಉಪಯೋಗವೂ ಹೌದು: 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವನ್ನು ಹೊರಗಿನಿಂದ ಪುಟ್ಟ ಯಂತ್ರದಿಂದ ತಟ್ಟಿ, ಅಲೆಯ ವೇಗದಿಂದಲೇ ನಡೆಯುವಾಗ ಅದರ ಮೇಲೆ ಬೀಳುವ ಎಳೆತ ಲೆಕ್ಕ ಹಾಕಿ ತೋರಿಸಿದರು. ಯಶವಂತಪುರದ ಸುತ್ತಿಗೆ ಪ್ರಯೋಗಾಲಯಕ್ಕೆ ಹೋಗಿ ಬಂದಂತೆ.

ಇನ್ನೂ ಎರಡು ಬಿಕ್ಕಟ್ಟುಗಳಿವೆ. ಅಂಕಗಣಿತ ಇಷ್ಟವಿಲ್ಲದವರು ಒಂದು ನಿಮಿಷ ಸಹಿಸಿಕೊಳ್ಳಿ. ಒಂದು ಕಾಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ 4 ಮೀಟರ್, ಇನ್ನೊಂದರಲ್ಲಿ 5 ಎಂದಿಟ್ಟುಕೊಳ್ಳಿ. ವ್ಯತ್ಯಾಸ ಕಾಲುಭಾಗ. ಇದನ್ನೇ ಕಿಲೋಪಾಸ್ಕಲ್ಲಿಗೆ ತಂದರೆ 48 ಮತ್ತು 75. ವ್ಯತ್ಯಾಸ ಅರ್ಧಕ್ಕೂ ಮಿಕ್ಕಿ. ಅಳತೆ ಒಂದೇ, ಹೇಳುವ ರೀತಿಯಲ್ಲೇ ರೋಗಿ ಹೆದರುತ್ತಾನೆ. ಅದಕ್ಕಿಂತ ದೊಡ್ಡದು: ವೇಗದಿಂದ ಕಿಲೋಪಾಸ್ಕಲ್ ಮಾಡುವ ಸೂತ್ರ ಹೇಳುವುದೇ ಎಲ್ಲ ದಿಕ್ಕಿನಲ್ಲೂ ಒಂದೇ ಗುಣವುಳ್ಳ, ಅಲೆಯ ಉದ್ದಕ್ಕಿಂತ ಎಷ್ಟೋ ದೊಡ್ಡದಾದ ಮುದ್ದೆಯ ಬಗ್ಗೆ. ಪಿತ್ತಜನಕಾಂಗಕ್ಕೆ ಅದು ಹೊಂದುತ್ತದೆ. ನಮ್ಮೂರಿನಲ್ಲೂ ಫೈಬ್ರೊಸ್ಕ್ಯಾನ್ ಮಾತು ಕೇಳಿರುತ್ತೀರಿ, ಈ ವಿದ್ಯೆ ಗಟ್ಟಿಯಾಗಿ ನೆಲೆ ನಿಂತಿರುವುದು ಅಲ್ಲಿ. ನೋಡಿ, ಮತ್ತೆ 'ಗಟ್ಟಿ' ಅಂದೆ. ಲಿಗಮೆಂಟು ಮುದ್ದೆಯಲ್ಲ, ಹುರಿ. ಅಲೆಯ ಉದ್ದವೇ ಒಂದು ಸೆಂಟಿಮೀಟರ್ ಆಸುಪಾಸು ಇರುವಾಗ ಲಿಗಮೆಂಟಿನ ದಪ್ಪ 2 ಮಿಲಿಮೀಟರ್. ತೆಂಗಿನ ನಾರಿನ ಹಗ್ಗವನ್ನು ಪಕ್ಕಕ್ಕೆ ತುಯ್ದಾಡಿಸುವುದು ಸುಲಭ, ಉದ್ದಕ್ಕೆ ಹಿಗ್ಗಿಸುವುದು ಕಷ್ಟ. ಲಿಗಮೆಂಟನ್ನು ಉದ್ದಕ್ಕೆ ಎಳೆದು ಅಳೆದರೆ ಬರುವ ಅಂಕ ಮೆಗಾಪಾಸ್ಕಲ್‌ಗಳಲ್ಲಿ, ನನ್ನ ಪರದೆ ತೋರಿಸುವ ಕಿಲೋಪಾಸ್ಕಲ್‌ಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಹೀಗಾಗಿ ನನ್ನ ವರದಿಗಳಲ್ಲಿ ಈಗ ಕಿಲೋಪಾಸ್ಕಲ್ ಬರೆಯುವುದನ್ನೇ ಬಿಟ್ಟಿದ್ದೇನೆ. ವೇಗ ಬರೆಯುತ್ತೇನೆ, ಪಾದದ ಭಂಗಿ ಬರೆಯುತ್ತೇನೆ, ಇನ್ನೊಂದು ಕಾಲಿನ ಅಂಕವನ್ನು ಪಕ್ಕದಲ್ಲೇ ಇಡುತ್ತೇನೆ. ಕಳಿಸಿದ ಮೂಳೆ ಡಾಕ್ಟರು ಕೆಲವರು ಇದಕ್ಕೆ ಬೇಜಾರು ಮಾಡಿಕೊಂಡದ್ದೂ ಉಂಟು.

ಅಂದಮೇಲೆ ಇದು ಯಾವ ಉಪಯೋಗಕ್ಕೆ? ಉಪಯೋಗವಿದೆ, ಬೇರೆ ಜಾಗದಲ್ಲಿ. ಮಾಮೂಲು ಸ್ಕ್ಯಾನಿಂಗ್ ಲಿಗಮೆಂಟು ಇದೆಯೋ ಹರಿದಿದೆಯೋ ಹೇಳುತ್ತದೆ. ವೈದ್ಯರು ಹಿಮ್ಮಡಿ ಹಿಡಿದು ಪಾದವನ್ನು ಮುಂದಕ್ಕೆ ಎಳೆದು ಸಡಿಲ ಎಷ್ಟಿದೆ ಎಂದು ಕೈಯಲ್ಲೇ ಅಂದಾಜು ಮಾಡುತ್ತಾರೆ. ಈ ಎರಡರ ನಡುವೆ ಒಂದು ಖಾಲಿ ಜಾಗ ಇದೆ: ಹರಿದದ್ದು ಕೂಡಿಕೊಂಡಿದೆ, ಆದರೆ ಎಳೆದರೆ ಬಿಗಿಯುತ್ತದೆಯೇ ಅಥವಾ ಜೋಲಾಡುತ್ತದೆಯೇ? ಒಳ್ಳೆಯ ಕಾಲಿನಲ್ಲಿ ಪಾದ ಚಪ್ಪಟೆ ಇದ್ದಾಗಿನ ಅಂಕಕ್ಕೂ ಚಾಚಿದಾಗಿನ ಅಂಕಕ್ಕೂ ಏರಿಕೆ ಇರಬೇಕು. ಉಳುಕಿದ ಕಾಲಿನಲ್ಲೂ ಅದೇ ಏರಿಕೆ ಮರಳುತ್ತಿದೆಯೇ ಎಂದು ವಾರಗಳ ಅಂತರದಲ್ಲಿ ನೋಡುತ್ತ ಹೋಗಬಹುದು. ಒಂದು ಅಂಕದಲ್ಲಿ ಹೆಚ್ಚಿನ ಅರ್ಥವಿಲ್ಲ, ಏರಿಕೆಯಲ್ಲಿ ಇದೆ. ಕೂಡಿಕೊಂಡ ಲಿಗಮೆಂಟಿನಲ್ಲಿ ಮೊದಲು ಬೆಳೆಯುವುದು ಮೂರನೆಯ ಬಗೆಯ ತೆಳು ಕೊಲಾಜೆನ್. ಮೊದಲನೆಯ ಬಗೆಯ ದಪ್ಪ ಎಳೆಗಳು ಅದರ ಜಾಗ ತೆಗೆದುಕೊಂಡು ಎಳೆತದ ದಿಕ್ಕಿಗೆ ಸಾಲುಗಟ್ಟಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷ. ಆ ನಡುವೆ ದಪ್ಪಗೆ ಬಿರುಸಾಗಿ ಕಾಣುವ ಗಾಯದ ಕಲೆ, ಎಳೆದರೆ ಹಳೆಯ ಲಿಗಮೆಂಟಿನಷ್ಟು ತಡೆಯದೇ ಹೋಗಬಹುದು. ಮೊಸರು ಗಟ್ಟಿ, ಹಗ್ಗ ಗಟ್ಟಿ ಅಲ್ಲ. ಈ ಅಂಕ ಒಂದನ್ನೇ ನೋಡಿ ಆಪರೇಷನ್ ನಿರ್ಧರಿಸುವುದಾಗಲಿ ಆಟಕ್ಕೆ ಬಿಡುವುದಾಗಲಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಗಿಣ್ಣಿನ ಮೇಲೆ ನಡೆದಿರುವ ಅಧ್ಯಯನಗಳು ಹೆಚ್ಚಿನವು ಚಿಕ್ಕವು, ಒಂದೊಂದರಲ್ಲಿ ಒಂದೊಂದು ಭಂಗಿ, ಒಂದೊಂದು ಯಂತ್ರ.

ಯಂತ್ರವನ್ನು ಮೈದಾನಕ್ಕೇ ಒಯ್ದರೆ ಆಗದೇ, ಕಾಲು ಉಳುಕಿದ ದಿನವೇ ನೋಡಬಹುದಲ್ಲ ಎಂದು ಕಬಡ್ಡಿ ಕೋಚುಗಳು ಕೇಳುತ್ತಾರೆ. ಹಾಗೆ ಸುಲಭವಾಗಿ ಒಯ್ಯುವಂತಿಲ್ಲ. ಕಾಯುವ ಕೋಣೆಯಲ್ಲಿ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ' ಎಂಬ ಬೋರ್ಡಿನ ಕೆಳಗೆ ಮೀಸೆ ಹೊತ್ತ ಹಮಾಲಿ ಕೂತಿರುವುದು ನೋಡಲು ತಮಾಷೆ. ಬೋರ್ಡು ಮಾತ್ರ ತಮಾಷೆಯದಲ್ಲ. 1994ರ ಕಾಯ್ದೆಯ ಪ್ರಕಾರ ಭ್ರೂಣ ನೋಡಬಲ್ಲ ಪ್ರತಿಯೊಂದು ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು. ಕೈಲಿ ಒಯ್ಯುವ ಯಂತ್ರವನ್ನು ನೋಂದಣಿಯಾದ ಜಾಗದ ಒಳಗೆ ಅಥವಾ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬಹುದೆಂದು 2012ರಲ್ಲಿ ನಿಯಮ ಬಿಗಿಯಾಯಿತು. ಹುಟ್ಟುವ ಮೊದಲೇ ಹೆಣ್ಣುಮಕ್ಕಳನ್ನು ಅಳಿಸಿದ ನಾಡಿನಲ್ಲಿ ಈ ಬಿಗಿ ಬೇಕು. ಮೈದಾನದ ಕಾಲುಗಳು ಅದರ ಬೆಲೆ ತೆರುತ್ತಿವೆ. ತೆರಲಿ ಎಂದೇ ನಾನು ಹೇಳುವುದು. ಕಾಲನ್ನು ಆಟೋದಲ್ಲಿ ಕರೆತರಬಹುದು.

ಹಮಾಲಿಯವರಿಗೆ ನಾನು ಏನು ಹೇಳಿದೆ? ಅವರ ಬಲಗಾಲಿನಲ್ಲಿ ಚಪ್ಪಟೆ ಭಂಗಿಯ ಅಂಕ ಎಡಗಾಲಿನಷ್ಟೇ ಇತ್ತು. ಚಾಚಿದಾಗ ಎಡಗಾಲಿನದು ಸರಿಯಾಗಿ ಏರಿತು, ಬಲದ್ದು ಅರೆಮನಸ್ಸಿನಲ್ಲಿ. "ಕೂಡಿಕೊಂಡೈತ್ರಿ, ಆದ್ರ ಇನ್ನೂ ಬಿಗಿ ಬಂದಿಲ್ಲ" ಎಂದೆ. ಅವರ ಮಾತು ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳಲಿಲ್ಲ, ನಕ್ಕರು. ಆಮೇಲೆ ಮಂಚದಿಂದ ಇಳಿಸಿ ಒಂಟಿಕಾಲಿನಲ್ಲಿ ನಿಲ್ಲಿಸಿದೆ. ಎಡಗಾಲಿನಲ್ಲಿ ಕಂಬದಂತೆ ನಿಂತರು. ಬಲಗಾಲಿನಲ್ಲಿ ಐದು ಎಣಿಸುವುದರೊಳಗೆ ಗೋಡೆ ಹಿಡಿದರು. ಲಕ್ಷಾಂತರ ರೂಪಾಯಿಯ ಯಂತ್ರ ಹೇಳದ್ದನ್ನು ಗೋಡೆ ಹೇಳಿತು. ಕೊನೆಯ ಕಾವಲುಗಾರ ಎಂದೆನಲ್ಲ. ಅವನಿಗಿಂತ ಮುಂದೆ ನಿಲ್ಲಬೇಕಾದ ಸ್ನಾಯುಗಳು ಇನ್ನೂ ಎಚ್ಚೆತ್ತಿರಲಿಲ್ಲ. ಫಿಸಿಯೋಥೆರಪಿಯವರ ಹತ್ತಿರ ಕಳಿಸಿದೆ. ದಿನಾ ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಿ ಎಂದು ಅವರು ಹೇಳಿಕೊಟ್ಟರಂತೆ. ಎರಡು ತಿಂಗಳ ಮೇಲೆ ಮತ್ತೆ ಬಂದಾಗ ಚಾಚಿದ ಭಂಗಿಯ ಅಂತರ ಕಡಿಮೆಯಾಗಿತ್ತು, ಪೂರ್ತಿ ಹೋಗಿರಲಿಲ್ಲ. ಅಷ್ಟರಲ್ಲಿ ಅವರು ಚೀಲ ಹೊರಲು ಶುರುಮಾಡಿ ಹತ್ತು ದಿನವಾಗಿತ್ತು. ನನ್ನ ಅಂಕಕ್ಕೆ ಕಾಯುವಷ್ಟು ಕೂಲಿ ಅವರ ಕೈಲಿ ಇರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಗಿಣ್ಣಿನ ಎಲಾಸ್ಟೋಗ್ರಫಿ ಬರೆದುಕೊಟ್ಟರೆ ಒಂದು ಕೆಲಸ ಮಾಡಿ. ಎರಡೂ ಕಾಲಿನ ಚಪ್ಪಲಿ ಬಿಚ್ಚಿ ಒಳಗೆ ಹೋಗಿ. ವರದಿಯಲ್ಲಿ ಇನ್ನೊಂದು ಕಾಲಿನ ಅಂಕವೂ ಪಾದದ ಭಂಗಿಯೂ ಇಲ್ಲದಿದ್ದರೆ ವಾಪಸು ಕೊಟ್ಟು ಬರೆಸಿಕೊಳ್ಳಿ. ಅದು ನನ್ನದೇ ವರದಿಯಾಗಿದ್ದರೂ.